ಬೆಲ್ಲಿಯ ಕಾಲು, ಬೀದಿಯ ಉಪ್ಪು

ರಾತ್ರಿ ಮೂರರ ಹೊತ್ತಿಗೆ ಕಿಟಕಿಯ ಪರದೆಯ ಮೇಲೆ ನೀಲಿ ಬೆಳಕು ಹೊರಳಿತು. ಹಿಮ ತಳ್ಳುವ ಲಾರಿ. ಅದರ ಮುಂದಿನ ಹಲಗೆ ರಸ್ತೆಯನ್ನು ಕೆರೆಯುವ ಸದ್ದು ಮೊದಲು, ಬೆನ್ನಿಗೇ ಮೊರದಿಂದ ಕಾಳು ಸುರಿದಂಥ ಸದ್ದು. ಲಾರಿಯ ಹಿಂಬದಿಯಲ್ಲಿ ಗಿರಗಿರ ತಿರುಗುವ ತಟ್ಟೆಯೊಂದಿದೆ. ಹೊಲದಲ್ಲಿ ಬೀಜ ಚೆಲ್ಲುವವರ ಕೈಯಂತೆ ಅದು ಎಡಕ್ಕೂ ಬಲಕ್ಕೂ ಕಲ್ಲುಪ್ಪು ಎರಚುತ್ತ ಹೋಗುತ್ತದೆ. ಟೊರೊಂಟೊಗೆ ಬಂದ ಹೊಸತರಲ್ಲಿ ಈ ಸದ್ದಿಗೆ ಎಚ್ಚರಾದರೆ ಊರಿನ ನೆನಪಾಗಿ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಈಗಲೂ ಎಚ್ಚರಾಗುತ್ತದೆ, ಆದರೆ ಯೋಚನೆ ಬೇರೆ. ಬೆಳಗ್ಗೆ ಬೆಲ್ಲಿಯ ಕಾಲಿನ ಗತಿ ಏನು ಅಂತ.

ಬೆಲ್ಲಿ ಮಗಳ ಮನೆಯ ನಾಯಿ. ಹುಟ್ಟಿದ್ದು ಬೆಂಗಳೂರಿನ ಬನಶಂಕರಿಯ ಒಂದು ಅಡ್ಡರಸ್ತೆಯಲ್ಲಿ, ಜಲ್ಲಿರಾಶಿಯ ಪಕ್ಕ. ಅಚ್ಚುಬೆಲ್ಲದ ಬಣ್ಣ, ಮೈಗಂಟಿದ ಗಿಡ್ಡ ಕೂದಲು, ಉದ್ದನೆ ಸಪೂರ ಕಾಲು. 2018ರಲ್ಲಿ ಮಗಳು ಅಳಿಯ ಇಲ್ಲಿಗೆ ಬರುವಾಗ ವಿಮಾನದಲ್ಲಿ ಪೆಟ್ಟಿಗೆಯೊಳಗೆ ಕೂತು ಜತೆಗೇ ಬಂತು. ಇಲ್ಲಿನ ಹಸ್ಕಿ ನಾಯಿಗಳು ಹಿಮದಲ್ಲಿ ಹೊರಳಾಡಿ, ಎದ್ದು ಮೈ ಕೊಡವಿ, ಏನೂ ಆಗದವರಂತೆ ನಡೆದುಬಿಡುತ್ತವೆ. ಬೆಲ್ಲಿಗೆ ಅಂಥ ಎರಡು ಪದರದ ತುಪ್ಪಳವಿಲ್ಲ.

ಅದರ ಕಾಲಿನ ಕಷ್ಟ ಮೊದಲ ಸಲ ಕಂಡ ದಿನ ಮೈನಸ್ 8 ಡಿಗ್ರಿ. ತಿರುವಿನವರೆಗೆ ಚೆನ್ನಾಗಿಯೇ ಬಂದ ಬೆಲ್ಲಿ ತಟ್ಟನೆ ನಿಂತಿತು. ಮುಂದಿನ ಬಲಗಾಲು ಎತ್ತಿತು. ಅದನ್ನು ಊರಿ ಎಡಗಾಲು ಎತ್ತಿತು. ಆಮೇಲೆ ಹಿಂಗಾಲೂ ಎತ್ತಲು ನೋಡಿ, ಯಾವುದನ್ನು ನೆಲಕ್ಕಿಡಬೇಕೆಂದು ತಿಳಿಯದೆ ನನ್ನ ಮುಖ ನೋಡಿತು. ಮುಳ್ಳು ಚುಚ್ಚಿತೇನೋ ಅಂದುಕೊಂಡು ಕೈಗವಸು ಕಳಚಿ ಕಾಲು ಹಿಡಿದೆ. ಬೆರಳಸಂದಿಯ ಕೂದಲಿನಲ್ಲಿ ಸಬ್ಬಕ್ಕಿ ಗಾತ್ರದ ಮಂಜಿನ ಗುಂಡುಗಳು ಗಂಟು ಗಂಟಾಗಿ ಕಟ್ಟಿದ್ದವು. ಅವುಗಳ ನಡುವೆ ಒಂದು ಉಪ್ಪಿನ ಹರಳು ಸಿಕ್ಕಿಕೊಂಡಿತ್ತು. ಅದು ಒತ್ತಿದ ಜಾಗದಲ್ಲಿ ಚರ್ಮ ಕೆಂಪಗೆ ಸುಲಿದಿತ್ತು. ಹೆಬ್ಬೆರಳಿನ ಬಿಸಿಯಲ್ಲಿ ಒಂದೊಂದೇ ಗುಂಡನ್ನು ಕರಗಿಸಿ ತೆಗೆಯುವಷ್ಟರಲ್ಲಿ ನನ್ನ ಬೆರಳಿಗೇ ಜೀವವಿರಲಿಲ್ಲ.

ಈ ಗುಂಡು ಕಟ್ಟುವುದು ಹೇಗೆಂದು ಆಮೇಲೆ ದಿನಾ ನೋಡಿ ತಿಳಿದುಕೊಂಡೆ. ಕಾಲಿನ ಬಿಸಿಗೆ ಹಿಮ ಚೂರು ಕರಗಿ ಕೂದಲನ್ನು ತೋಯಿಸುತ್ತದೆ, ಗಾಳಿಗೆ ಅದೇ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಮುಂದಿನ ಹೆಜ್ಜೆಗೆ ಅದರ ಮೇಲೊಂದು ಪದರ. ಹತ್ತು ಹೆಜ್ಜೆ ನಡೆದರೆ ಚಪ್ಪಲಿಯೊಳಗೆ ಕಲ್ಲು ಸೇರಿದಂತೆ. ಅದಕ್ಕೇ ಬೆರಳಸಂದಿಯ ಕೂದಲನ್ನು ಮೊಂಡುತುದಿಯ ಕತ್ತರಿಯಲ್ಲಿ ಅಂಗಾಲಿನ ಮಟ್ಟಕ್ಕೆ ಕತ್ತರಿಸುತ್ತಾರೆ. ಬೆಲ್ಲಿಗೆ ಇರುವುದೇ ಅಷ್ಟು ಕೂದಲು, ಅದನ್ನೂ ಮಗಳು ವಾರಕ್ಕೊಮ್ಮೆ ದೀಪದ ಕೆಳಗೆ ಕೂತು ಸವರುತ್ತಾಳೆ.

ನಾಯಿಯ ಅಂಗಾಲು ಚಳಿಗೆ ಅಷ್ಟು ಸುಲಭವಾಗಿ ಸೋಲುವಂಥದ್ದೇನಲ್ಲ. ಜಪಾನಿನ ಹಿರೊಯೋಶಿ ನಿನೊಮಿಯಾ ಮತ್ತು ಸಂಗಡಿಗರು 2011ರಲ್ಲಿ ಅದರೊಳಗಿನ ರಕ್ತನಾಳಗಳ ಹೆಣಿಗೆಯನ್ನು ಸೂಕ್ಷ್ಮದರ್ಶಕದಲ್ಲಿ ಬಿಡಿಸಿ ತೋರಿಸಿದರು. ಬಿಸಿ ರಕ್ತ ಇಳಿಯುವ ಧಮನಿಗಳನ್ನು ಅಪ್ಪಿಕೊಂಡಂತೆ ತಣ್ಣನೆ ರಕ್ತ ಏರುವ ಸಣ್ಣ ಸಿರೆಗಳ ಜಾಲವಿದೆ. ಇಳಿಯುವುದು ಏರುವುದಕ್ಕೆ ದಾರಿಯಲ್ಲೇ ತನ್ನ ಬಿಸಿ ದಾಟಿಸುತ್ತದೆ. ಹೀಗಾಗಿ ಕಾಲು ಬೇಗ ಮರಗಟ್ಟುವುದಿಲ್ಲ, ಕಾಲಿನ ಚಳಿ ಹೊಟ್ಟೆಗೆ ಏರುವುದೂ ಇಲ್ಲ. ಇದನ್ನು ಓದಿದ ದಿನ ನಾನು ಬೆಲ್ಲಿಯ ಅಂಗಾಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ನಾಲ್ಕು ಬೆರಳಿನ ನಾಲ್ಕು ಮೆತ್ತೆ, ನಡುವೆ ದೊಡ್ಡದೊಂದು. ಕಪ್ಪಗೆ, ಒರಟಾಗಿ, ಹಳೆಯ ತೊಗಲಿನ ಚೀಲದಂತೆ. ಇಷ್ಟು ಚೆಂದದ ಏರ್ಪಾಡಿಗೂ ತಿಳಿಯದ ವಸ್ತುವೊಂದನ್ನು ನಾವು ಬೀದಿಗೆ ಚೆಲ್ಲಿದ್ದೇವೆ.

ಉಪ್ಪು ಬೆರೆತ ಹಿಮ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗೂ ನೀರಾಗಿಯೇ ಉಳಿಯುತ್ತದೆ. ಕಾರಿನ ಗಾಲಿಗೆ ಅದೇ ಬೇಕು. ಆದರೆ ಒಣ ಹಿಮ ನಾಯಿಯ ಕಾಲಿನಿಂದ ಉದುರಿಹೋದರೆ, ಈ ಬೂದುಬಣ್ಣದ ರೊಜ್ಜು ಅಂಟಿಕೊಳ್ಳುತ್ತದೆ. ಚರ್ಮದ ಪಸೆ ಹೀರಿ ಒಣಗಿಸುತ್ತದೆ, ಒಣಗಿದ್ದು ಬಿರಿಯುತ್ತದೆ, ಬಿರಿದದ್ದರೊಳಗೆ ಮತ್ತೆ ಉಪ್ಪು. ಮೈನಸ್ 10ರ ಕೆಳಗೆ ಅಡುಗೆ ಉಪ್ಪಿನ ಜಾತಿಯ ಉಪ್ಪಿಗೆ ಕಸುವು ಕಡಿಮೆ. ಅಂಥ ದಿನ ಕೆಲವರು ತಮ್ಮ ಮೆಟ್ಟಿಲಿಗೆ ಕ್ಯಾಲ್ಸಿಯಂ ಕ್ಲೋರೈಡ್ ಚೆಲ್ಲುತ್ತಾರೆ. ಅದು ನೀರು ಮುಟ್ಟಿದೊಡನೆ ಬಿಸಿಯಾಗುವ ವಸ್ತು, ಒದ್ದೆ ಅಂಗಾಲಿನ ಬಿರುಕಿಗೆ ಹೊಕ್ಕರೆ ಸುಡುತ್ತದೆ.

ಇಷ್ಟೆಲ್ಲ ಉಪ್ಪು ಬರುವುದೆಲ್ಲಿಂದ ಎಂದು ಅಳಿಯನನ್ನು ಕೇಳಿದೆ. ಇಲ್ಲಿಂದ ಪಶ್ಚಿಮಕ್ಕೆ 200 ಕಿಲೋಮೀಟರಿಗೂ ಆಚೆ ಹ್ಯೂರಾನ್ ಸರೋವರದ ದಡದಲ್ಲಿ ಗಾಡ್ರಿಚ್ ಎಂಬ ಊರಿದೆ. 1866ರಲ್ಲಿ ಎಣ್ಣೆ ಸಿಕ್ಕೀತೆಂದು ಅಲ್ಲಿ ಭೂಮಿ ಕೊರೆದವರಿಗೆ ಸಿಕ್ಕಿದ್ದು ಉಪ್ಪು. ಈಗ ಸರೋವರದ ತಳದಡಿ, ಸುಮಾರು 550 ಮೀಟರ್ ಆಳದಲ್ಲಿ, ಜಗತ್ತಿನಲ್ಲೇ ಅತಿ ದೊಡ್ಡ ಉಪ್ಪಿನ ಗಣಿ. 40 ಕೋಟಿ ವರ್ಷಕ್ಕೂ ಹಿಂದೆ ಬತ್ತಿದ ಕಡಲಿನ ಉಪ್ಪು ಅದು. ಕೆನಡಾದ ರಸ್ತೆಗಳಿಗೆ ವರ್ಷಕ್ಕೆ ಹೆಚ್ಚುಕಡಿಮೆ 50 ಲಕ್ಷ ಟನ್ ಉಪ್ಪು ಬೀಳುತ್ತದೆಂದು ಸರ್ಕಾರವೇ 2001ರಲ್ಲಿ ಲೆಕ್ಕ ಕೊಟ್ಟಿತ್ತು. ರಸ್ತೆಗೆ ಉಪ್ಪು ಬೇಡವೆಂದು ನಾನು ಹೇಳಲಾರೆ. ಜಾರಿಬಿದ್ದು ಸೊಂಟ ಮುರಿದುಕೊಂಡ ನನ್ನ ವಯಸ್ಸಿನವರನ್ನು ಇದೇ ಬೀದಿಯಲ್ಲಿ ಕಂಡಿದ್ದೇನೆ. ಬರಿಗಾಲಲ್ಲಿ ನಡೆಯುವವರೂ ಈ ರಸ್ತೆಯಲ್ಲಿದ್ದಾರೆ ಎನ್ನುವುದಷ್ಟೇ ನನ್ನ ಸಂಕಟ.

ಕೊನೆಗೆ ಬೆಲ್ಲಿಗೆ ಬೂಟು ತಂದೆವು. ನಾಯಿಯ ಬೂಟು ಮಾಡುವ ಮಟ್‌ಲಕ್ಸ್ ಎಂಬ ಕಂಪನಿ ಈ ಊರಿನದೇ. ಉತ್ತರದ ಹಿಮನಾಡಿನ ಜನ ಸೀಲ್ ಚರ್ಮದಲ್ಲಿ ಹೊಲಿದುಕೊಳ್ಳುವ ಮಕ್‌ಲಕ್ ಎಂಬ ಪಾದರಕ್ಷೆಯ ಹೆಸರನ್ನು ನೆನಪಿಸುವ ಹೆಸರು. ನಾವು ತಂದದ್ದು ಬೇರೆ ಅಂಗಡಿಯ ಕೆಂಪು ಬೂಟು, ನಾಲ್ಕು. ಮೊದಲ ದಿನ ತೊಡಿಸಿದಾಗ ಬೆಲ್ಲಿ ಕೆಸರುಗದ್ದೆಯಲ್ಲಿ ಕೊಕ್ಕರೆ ನಡೆದಂತೆ ಒಂದೊಂದೇ ಕಾಲನ್ನು ಎದೆಮಟ್ಟ ಎತ್ತಿ ಇಟ್ಟಿತು. ನೆಲ ಎಲ್ಲಿ ಹೋಯಿತೆಂದು ಹುಡುಕುವಂತಿತ್ತು. ಮೊಮ್ಮಗಳು ನಗತೊಡಗಿದಳು.

“ನಗಬೇಡ ಪುಟ್ಟಿ, ಅದಕ್ಕೆ ಭಯ ಆಗಿದೆ” ಅಂದೆ.

“ಅಜ್ಜಿ, ಅವಳಿಗೆ ಒಂದೊಂದೇ ಹಾಕೋಣ್ವಾ? ಇವತ್ತು ಒಂದು, ನಾಳೆ ಇನ್ನೊಂದು?”

ಮಗು ಹೇಳಿದ್ದೇ ಸರಿಯಾದ ದಾರಿ. ಮನೆಯೊಳಗೆ ಐದು ನಿಮಿಷ, ಒಂದು ತುಂಡು ಚೀಸ್. ಮಾರನೆಯ ದಿನ ಹತ್ತು ನಿಮಿಷ. ವಾರ ಕಳೆಯುವಷ್ಟರಲ್ಲಿ ಬೆಲ್ಲಿ ನಾಲ್ಕೂ ತೊಟ್ಟು ಬಾಗಿಲ ಬಳಿ ನಿಂತಿತು.

ಮಗಳು ಬೂಟಿನ ಪಟ್ಟಿ ಬಿಗಿಯುವಾಗ ನಾನು ಬೆಲ್ಲಿಯ ಕುತ್ತಿಗೆ ಸವರುತ್ತ ಕೂತಿರುತ್ತೇನೆ. ನಮ್ಮಪ್ಪ ಸಂತೆಯಲ್ಲಿ ಎತ್ತಿಗೆ ಲಾಳ ಕಟ್ಟಿಸುವಾಗ ಹೀಗೇ ಮಾಡುತ್ತಿದ್ದರು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿ, ಸೀಳುಗೊರಸಿನ ಎರಡು ಹೋಳಿಗೂ ಬೇರೆ ಬೇರೆ ಲಾಳ ಹೊಡೆಯುತ್ತಿದ್ದರು. ಅಷ್ಟೂ ಹೊತ್ತು ಅಪ್ಪ ಎತ್ತಿನ ತಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಂಗೆದೊಗಲು ನೇವರಿಸುತ್ತ ಏನೋ ಮಾತಾಡುತ್ತಿದ್ದರು. ದುಡಿಯುವ ಪ್ರಾಣಿಯ ಕಾಲನ್ನು ಜನ ಎಲ್ಲೆಲ್ಲೂ ಕಾದಿದ್ದಾರೆ. ಅಲಾಸ್ಕಾದಲ್ಲಿ 1973ರಿಂದ ನಡೆಯುವ ಇಡಿಟರಾಡ್ ಎಂಬ ಸಾವಿರ ಮೈಲಿಯ ನಾಯಿಬಂಡಿ ಓಟದಲ್ಲಿ ಪ್ರತಿ ನಾಯಿಗೂ ಎಂಟೆಂಟು ಬಟ್ಟೆಬೂಟು ಇರಲೇಬೇಕೆಂಬ ನಿಯಮವಿದೆ. ಒರಟು ಹಿಮ ಬೂಟನ್ನು ಬೇಗ ಸವೆಸುತ್ತದೆ. ತಂಗುವಲ್ಲಿ ಬಂಡಿ ಓಡಿಸುವವರು ತಾವು ಉಣ್ಣುವ ಮೊದಲು ನಾಯಿಗಳ ಕಾಲು ನೋಡಿ ಮುಲಾಮು ಹಚ್ಚುತ್ತಾರೆ.

ಪಟ್ಟಿಯನ್ನು ತೀರ ಬಿಗಿದರೆ ರಕ್ತ ಓಡುವುದಿಲ್ಲ, ಸಡಿಲ ಬಿಟ್ಟರೆ ಬೂಟು ಹಿಮದಲ್ಲಿ ಉಳಿದುಬಿಡುತ್ತದೆ. ಜನವರಿಯ ಒಂದು ಸಂಜೆ ಎಡ ಹಿಂಗಾಲಿನದು ಹಾಗೇ ಹೋಯಿತು. ಮಂಡಿಯುದ್ದ ಹಿಮದಲ್ಲಿ ಟಾರ್ಚು ಹಿಡಿದು ಹುಡುಕಿದೆವು, ಸಿಗಲಿಲ್ಲ. ಅಂದಿನಿಂದ ಆ ಕಾಲಿಗೆ ಬಲೂನಿನಂಥ ತೆಳು ರಬ್ಬರು ಬೂಟು. ನಾಯಿ ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲೇ. ಒಳಗೆ ಬಂದ ಕೂಡಲೇ ಬೂಟು ಕಳಚದಿದ್ದರೆ ಒಳಗೊಳಗೇ ತೇವ ಕೂತು ಚರ್ಮ ಕೆಡುತ್ತದೆ. ಹತ್ತಿರದ ಸುತ್ತಾಟಕ್ಕಾದರೆ ಹೊರಡುವ ಮೊದಲು ಜೇನುಮೇಣದ ಮುಲಾಮನ್ನೇ ಬೆರಳಸಂದಿಗೂ ತುಂಬುವಂತೆ ಹಚ್ಚುತ್ತೇವೆ.

ಬೀದಿದೀಪದ ಬುಡ ಬಂದರೆ ಪಕ್ಕದ ಮನೆಯ ಹಿರಿಯರು ತಮ್ಮ ನಾಯಿಯನ್ನು ಆಚೆಗೆ ಎಳೆದುಕೊಳ್ಳುತ್ತಾರೆ. 2008-09ರ ಚಳಿಗಾಲದಲ್ಲಿ ಇದೇ ನಗರದಲ್ಲಿ ಬೀದಿದೀಪದ ತಂತಿ ಹಾಯುವ ಗುಂಡಿಗಳ ನೆಲದ ಮುಚ್ಚಳಗಳಿಗೆ ಸೋರಿದ ವಿದ್ಯುತ್ತು ತಗುಲಿ ನಾಯಿಗಳು ಸತ್ತಿದ್ದವು. ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ನಾಯಿಯ ಕಾಲು ಬರಿಗಾಲು. ಆಮೇಲೆ ನಗರದ ಆ ಮುಚ್ಚಳಗಳನ್ನೆಲ್ಲ ತಪಾಸಣೆ ಮಾಡಿ ಸರಿಪಡಿಸಿದರು. ಆ ಹಿರಿಯರ ಕೈ ಮಾತ್ರ ಆ ಹೆದರಿಕೆಯನ್ನು ಇನ್ನೂ ಬಿಟ್ಟಿಲ್ಲ.

ಮನೆಗೆ ಬಂದ ಮೇಲಿನ ಕೆಲಸ ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬಾಗಿಲೊಳಗೆ ಹಳೆಯ ಟವೆಲು ಹಾಸಿ, ಅಗಲ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಒಂದೊಂದೇ ಕಾಲು ಅದ್ದುತ್ತೇನೆ. ನೀರು ಬಿಸಿ ಇರಬಾರದು. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯದೆ ಸುಟ್ಟೀತು. ಉಜ್ಜಲೂ ಬಾರದು. ನಮ್ಮೂರ ಮನೆಯಲ್ಲಿ ಹೊರಗಿಂದ ಬಂದವರು ಜಗಲಿಯ ಪಕ್ಕದ ಹಂಡೆಯಿಂದ ನೀರು ತೋಡಿ ಕಾಲು ತೊಳೆದೇ ಒಳಗೆ ಬರಬೇಕಿತ್ತು. ಹಿಮ್ಮಡಿ ನೆನೆಯದೆ ಉಳಿದರೆ ಅಲ್ಲಿಂದಲೇ ಶನಿ ಹೊಗುತ್ತಾನೆ ಅಂತ ನಮ್ಮಜ್ಜಿ ಮತ್ತೆ ಕಳಿಸುತ್ತಿದ್ದಳು. ಬೆಲ್ಲಿಯ ಮಟ್ಟಿಗೆ ಅಜ್ಜಿಯ ಮಾತು ಅಕ್ಷರಶಃ ನಿಜ. ತೊಳೆಯದೆ ಬಿಟ್ಟರೆ ಅದು ಮೂಲೆಯಲ್ಲಿ ಕೂತು ಕಾಲು ನೆಕ್ಕುತ್ತದೆ. ನೆಕ್ಕಿದ ಉಪ್ಪು ಹೊಟ್ಟೆ ಸೇರಿ ವಾಂತಿ, ಭೇದಿ, ತೀರದ ದಾಹ. ಹೆಚ್ಚಾದರೆ ನಡುಕ, ಸೆಳೆತ. ಕಾರುಗಳಿಂದ ತೊಟ್ಟಿಕ್ಕುವ ಆಂಟಿಫ್ರೀಜ್ ಇದಕ್ಕಿಂತ ಘೋರ. ರುಚಿಗೆ ಸಿಹಿ, ಸ್ವಲ್ಪವೇ ಸಾಕು, ಮೂತ್ರಪಿಂಡ ಹಾಳಾಗುತ್ತದೆ. ಆದ್ದರಿಂದ ನಾಲ್ಕು ಕಾಲಿನ ಜತೆಗೆ ಹೊಟ್ಟೆಯ ಅಡಿಯನ್ನೂ ಒರೆಸುತ್ತೇನೆ. ಬೆರಳು ಬಿಡಿಸಿ ಸಂದಿಯನ್ನೂ ಒಣಗಿಸುತ್ತೇನೆ. ಬೆಲ್ಲಿ ನನ್ನ ಭುಜಕ್ಕೆ ಗದ್ದ ಊರಿ ಸುಮ್ಮನೆ ನಿಂತಿರುತ್ತದೆ. ಪಾತ್ರೆಯ ತಳದಲ್ಲಿ ಬೂದು ನೀರು, ನಾಲ್ಕಾರು ಹರಳು.

ಮಾರ್ಚ್ ಕೊನೆಗೆ ಹಿಮ ಇಳಿಯತೊಡಗಿತು. ರಸ್ತೆ ಒಣಗಿ, ಉಪ್ಪು ಮಾತ್ರ ಬಿಳಿ ರಂಗೋಲಿಪುಡಿಯಂತೆ ಅಂಚಿನಲ್ಲಿ ಉಳಿಯಿತು. ಚಳಿ ಹೋಯಿತೆಂದು ಕಾಲು ತೊಳೆಯುವುದನ್ನು ನಾನು ನಿಲ್ಲಿಸಲಿಲ್ಲ. ಊರಿಗೆ ಹೊರಡಲು ಎರಡು ದಿನವಿರುವಾಗ, ತಿರುವಿನ ಮನೆಯ ಬೇಲಿಯ ಬುಡದಲ್ಲಿ ಬೆಲ್ಲಿ ಮೂಗು ತೂರಿಸಿ ನಿಂತುಬಿಟ್ಟಿತು, ಎಳೆದರೂ ಬರಲಿಲ್ಲ. ಕರಗಿ ಕುಗ್ಗಿದ ಹಿಮದ ದಿಬ್ಬದಿಂದ ಕೆಂಪು ಬಟ್ಟೆಯ ತುದಿ ಹೊರಬಂದಿತ್ತು. ಎಡ ಹಿಂಗಾಲಿನದು. ಸೆಟೆದು, ಮೇಲೆಲ್ಲ ಉಪ್ಪು ಕಟ್ಟಿತ್ತು. ಮನೆಗೆ ತಂದು, ಬೆಲ್ಲಿಯ ಕಾಲು ತೊಳೆದ ಮೇಲೆ ಅದನ್ನೂ ತೊಳೆದು, ಉಳಿದ ಮೂರರ ಪಕ್ಕ ಒಣಹಾಕಿದೆ.