ಗೇರುಗುಡ್ಡದಿಂದ ಇಳಿದ ನೀರು

ಕಾಲು ಸೊಟ್ಟಗಾದ ಕರು ಹುಟ್ಟಿದರೆ ಹಟ್ಟಿಯವರು ಗ್ರಹಚಾರ ಎಂದುಕೊಳ್ಳುವುದು ಸಹಜ. 1979ರಲ್ಲಿ ಕಾಸರಗೋಡಿನ ಪಡ್ರೆಯಲ್ಲಿ ಅಂಥ ಕರುಗಳು ಹುಟ್ಟಿದಾಗ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ ಗುಡ್ಡದ ಕಡೆ ನೋಡಿದರು. 1981ರಲ್ಲಿ ಅದರ ಬಗ್ಗೆ ಬರೆದರು ಕೂಡ. ಕೇಳಿಸಿಕೊಂಡವರು ಕಡಿಮೆ.

ಗುಡ್ಡದ ತುಂಬ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು. ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಹೆಲಿಕಾಪ್ಟರ್ ಬಂದು ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿತ್ತು. ಗೇರು ನೆತ್ತಿಯಲ್ಲಿ, ಮನೆ, ಅಡಿಕೆ ತೋಟ, ತೋಡು ಎಲ್ಲ ಬುಡದಲ್ಲಿ. ಕುಡಿಯುವ ನೀರೂ ಅದೇ ಗುಡ್ಡದ ಹೊಟ್ಟೆ ಕೊರೆದ ಸುರಂಗದ್ದು. ತಣ್ಣಗೆ, ತಿಳಿಯಾಗಿ, ಅಡಿಕೆ ದಂಬೆಯಲ್ಲಿ ಹರಿದು ಅಂಗಳಕ್ಕೆ ಬರುತ್ತಿತ್ತು. ಅದರಲ್ಲಿ ವಿಷವಿದೆ ಎಂದರೆ ಯಾರು ನಂಬಿಯಾರು?

ಅಲ್ಲೇ ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ಸಂಶಯ ಹುಟ್ಟಿತು. ಅಪಸ್ಮಾರ, ಬುದ್ಧಿಮಾಂದ್ಯ, ಕೈಕಾಲು ಸ್ವಾಧೀನ ತಪ್ಪಿದ ಮಕ್ಕಳು ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ಯಾಕೆ? ಊರವರು ದೈವದ ಮುನಿಸು ಎನ್ನುತ್ತಿದ್ದರು.

ಸಿಂಪಡಣೆಗೂ ಈ ಕಾಯಿಲೆಗಳಿಗೂ ನಂಟು ಹೇಗೆ? ನಮ್ಮ ಮಿದುಳಿನ ಬ್ರೇಕ್ ಎಂದರೆ ಗಾಬಾ ಎಂಬ ರಾಸಾಯನಿಕ. ನರಕೋಶದ ಕ್ಲೋರೈಡ್ ಬಾಗಿಲು ತೆರೆದು ಅದು ಉದ್ರೇಕ ತಣಿಸುತ್ತದೆ. ಎಂಡೋಸಲ್ಫಾನ್ ಆ ಬಾಗಿಲಿಗೇ ಅಡ್ಡ ಕೂರುತ್ತದೆ. ಕೀಟ ಒದ್ದಾಡಿ ಸಾಯುವುದೂ ಹೀಗೆ, ವಿಷವೇರಿದ ಮನುಷ್ಯನಿಗೆ ಸೆಳೆತ ಬರುವುದೂ ಹೀಗೆ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಒಳಸೇರಿದರೆ ಯಾವ ಮಗುವಿನ ಯಾವ ಕಾಯಿಲೆಗೆ ಅದೇ ಕಾರಣವೆಂದು ಸಾಧಿಸುವುದು ಕಷ್ಟ. ಆ ಕಷ್ಟವನ್ನೇ ನೆಪ ಮಾಡಿಕೊಂಡು ಆಳುವವರು ಕೈಚೆಲ್ಲಿದ್ದನ್ನು ನಾನು ಕ್ಷಮಿಸಲಾರೆ.

ಪೆರಿಯದ ಕೃಷಿ ಇಲಾಖೆ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಈ ಸಿಂಪಡಣೆಯ ವಿರುದ್ಧ ಕೋರ್ಟಿಗೆ ಹೋದರು. 2000ದ ಡಿಸೆಂಬರ್ ನಂತರ ಹೆಲಿಕಾಪ್ಟರ್ ಬರಲಿಲ್ಲ. ಹತ್ತು ತಿಂಗಳು ಕಳೆದ ಮೇಲೂ ಪಡ್ರೆಯ ಶಾಲಾಮಕ್ಕಳ ರಕ್ತದಲ್ಲಿ ವಿಷ ಉಳಿದಿದ್ದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಕಂಡಿತು. ಘಟ್ಟದ ಕೆಳಗೆ ನಮ್ಮದೇ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲೂ ಇದೇ ಸಂಕಟ.

ಮುಂಬೈಯಲ್ಲಿ ಕೂತು ಬರೆಯುವಾಗ ಒಂದು ಸಂಗತಿ ಕುಟುಕುತ್ತದೆ. ದೇಶದಲ್ಲಿ ಎಂಡೋಸಲ್ಫಾನ್ ತಯಾರಿಸುತ್ತಿದ್ದ ಕಂಪನಿಗಳಲ್ಲಿ ಒಂದರ ಕಚೇರಿ ಇದ್ದದ್ದು ಇಲ್ಲೇ, ಜೋಗೇಶ್ವರಿಯಲ್ಲಿ. ದಿನಾ ಲೋಕಲ್ ರೈಲಿನಲ್ಲಿ ದಾಟುವ ಸ್ಟೇಷನ್ ಅದು.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸರ್ಕಾರಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿತು. ಸಂತ್ರಸ್ತರ ಪಟ್ಟಿಯಲ್ಲಿದ್ದವರು 3,704 ಮಂದಿ, ಹಾಸಿಗೆ ಹಿಡಿದವರೇ 102. ಹಣ ಕೈಸೇರಿದ್ದು 8 ಜನರಿಗೆ ಮಾತ್ರ, ಕೋರ್ಟಿನ ಮೆಟ್ಟಿಲನ್ನು ಮತ್ತೊಮ್ಮೆ ಏರಿದವರಿಗೆ.