ಮೂರು ಮಣಿಗಳ ಸರ

ಮುಖದ ಸುಕ್ಕು ಹೋಗಲಾಡಿಸುತ್ತದೆಂದು ಮಾರುವ ಕೆಲವು ಸೀರಮ್‌ಗಳು ನೀಲಿ ಬಣ್ಣದಲ್ಲಿರುತ್ತವೆ. ಆ ನೀಲಿ ತಾಮ್ರದ್ದು. ತಾಮ್ರವನ್ನು ಹಿಡಿದಿಟ್ಟಿರುವುದು ಜಿಎಚ್‌ಕೆ ಎಂಬ ಪೆಪ್ಟೈಡ್: ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಎಂಬ ಮೂರು ಅಮೈನೊ ಆಮ್ಲಗಳನ್ನು ಪೋಣಿಸಿದ ಗಿಡ್ಡ ಸರ. ಈಗ ಕಾರ್ಖಾನೆಯಲ್ಲಿ ತಯಾರಾಗುವ ಇದು ಮೊದಲಿನಿಂದಲೂ ನಮ್ಮ ರಕ್ತದಲ್ಲಿದೆ. ಅಮೆರಿಕದ ಲೋರೆನ್ ಪಿಕಾರ್ಟ್ 1973ರಲ್ಲಿ ಇದನ್ನು ಗುರುತಿಸಿದರು.

ಚರ್ಮಕ್ಕೂ ಇದಕ್ಕೂ ಏನು ನಂಟು? ಚರ್ಮದ ಬಿಗುವಿಗೆ ಆಧಾರ ಕೊಲಾಜೆನ್. ಮೂರು ಎಳೆಗಳನ್ನು ಹಗ್ಗದಂತೆ ಹೊಸೆದ ಅದರ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಜಗತ್ತಿನ ಮುಂದಿಟ್ಟರು. ಅಂಥ ಎಳೆಯೊಂದರಲ್ಲಿ ಜಿಎಚ್‌ಕೆಯ ಮೂರು ಮಣಿಗಳು ಇದೇ ಕ್ರಮದಲ್ಲಿ ಸಿಗುತ್ತವೆ. ಗಾಯವಾಗಿ ಕೊಲಾಜೆನ್ ಹರಿದಾಗ ಉದುರುವ ಇಂಥ ತುಣುಕುಗಳು ‘ಇಲ್ಲಿ ರಿಪೇರಿ ಬೇಕು’ ಎಂದು ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ ಎಂಬುದು ವಿಜ್ಞಾನಿಗಳ ತರ್ಕ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಚರ್ಮಕೋಶಗಳು ಜಿಎಚ್‌ಕೆ ಸಿಕ್ಕಾಗ ಹೆಚ್ಚು ಕೊಲಾಜೆನ್ ತಯಾರಿಸಿದ್ದೂ ನಿಜ.

ಪ್ರಯೋಗದ ತಟ್ಟೆಯಲ್ಲಿ ಕೋಶಕ್ಕೆ ಮರೆಯಿಲ್ಲ. ಮುಖದ ಮೇಲೆ ಗೋಡೆಯೇ ಇದೆ. ಸತ್ತ ಕೋಶ ಮತ್ತು ಕೊಬ್ಬಿನಿಂದಾದ ಚರ್ಮದ ಹೊರಪದರವನ್ನು 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ದಾಟುವುದು ಕಷ್ಟ. ಜಿಎಚ್‌ಕೆ ತೂಗುವುದು ಸುಮಾರು 340 ಡಾಲ್ಟನ್. ಆದರೂ ನೀರಿಗೆ ಒಲಿಯುವ ಅಣುವಾದ್ದರಿಂದ ಜಿಡ್ಡಿನ ಗೋಡೆಯಲ್ಲಿ ನುಸುಳುವುದು ಅಲ್ಪ. ಅದಕ್ಕೇ ಕೆಲವು ಪೆಪ್ಟೈಡ್‌ಗಳಿಗೆ ಕೊಬ್ಬಿನಾಮ್ಲದ ಬಾಲ ಜೋಡಿಸುತ್ತಾರೆ. ಲೇಬಲ್ ಮೇಲಿನ ‘ಪಾಲ್ಮಿಟಾಯ್ಲ್’ ಅದೇ. ಇಂಥ ಕ್ರೀಮುಗಳಿಂದ ಸಣ್ಣ ಗೆರೆಗಳು ತುಸು ತಗ್ಗಿದ್ದನ್ನು ಕೆಲವು ಪ್ರಯೋಗಗಳು ತೋರಿಸಿವೆ. ಆದರೆ ಅವುಗಳಲ್ಲಿ ಹಲವು ಚಿಕ್ಕವು, ತಯಾರಕರ ಹಣದಿಂದಲೇ ನಡೆದವು. ಕೊಲಾಜೆನ್ ಕೆಡಿಸುವ ಬಿಸಿಲನ್ನು ತಡೆಯುವ ಸನ್‌ಸ್ಕ್ರೀನ್‌ಗೆ ಇದಕ್ಕಿಂತ ಗಟ್ಟಿ ಪುರಾವೆಯಿದೆ.

ಹಚ್ಚಿಕೊಂಡರೆ ಹೋಗುವುದು ಹೆಚ್ಚಾಗಿ ಹಣ. ಚುಚ್ಚಿಕೊಳ್ಳುವುದು ಬೇರೆಯೇ ಮಾತು. ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿಯಿರುವ ಪೆಪ್ಟೈಡ್ ಸೀಸೆಗಳನ್ನು ಕೊಂಡು ತಾವೇ ಚುಚ್ಚಿಕೊಳ್ಳುವವರಿದ್ದಾರೆ. ಅಲ್ಲಿ ಚರ್ಮದ ಕಾವಲೂ ಇಲ್ಲ. 1973ರ ಪ್ರಯೋಗದಲ್ಲೇ ಜಿಎಚ್‌ಕೆ ಯಕೃತ್ತಿನ ಆರೋಗ್ಯವಂತ ಕೋಶಗಳ ಆಯಸ್ಸನ್ನು ಹಿಗ್ಗಿಸಿತ್ತು. ಜೊತೆಗೇ ಗಡ್ಡೆಯ ಕೋಶಗಳ ಬೆಳವಣಿಗೆಗೂ ಇಂಬು ಕೊಟ್ಟಿತ್ತು. ದೇಹದೊಳಗೂ ಹಾಗೇ ಆಗುತ್ತದೆಂದು ಇಷ್ಟರಿಂದ ಹೇಳಲಾಗದು. ಆದರೆ ‘ಬೆಳೆ’ ಎಂಬ ಸುದ್ದಿ ಯಾವ ಕೋಶದ ಕಿವಿಗೆ ಬೀಳುತ್ತದೆಂಬುದು ದೀರ್ಘ ಪರೀಕ್ಷೆಯಿಲ್ಲದೆ ತಿಳಿಯದು.

ಇನ್ಸುಲಿನ್ ಕೂಡ ಪೆಪ್ಟೈಡೇ, 51 ಮಣಿಗಳದ್ದು. ಅದರ ಅಳತೆ, ಶುದ್ಧತೆ, ಅಡ್ಡಪರಿಣಾಮಗಳನ್ನೆಲ್ಲ ಒರೆಗೆ ಹಚ್ಚಿ ನೋಡಿದ್ದಾಗಿದೆ; ಕೋಟ್ಯಂತರ ಜನ ಅದನ್ನು ನಂಬಿ ಬದುಕುತ್ತಿದ್ದಾರೆ. ಯೌವನ ತರುತ್ತೇನೆನ್ನುವ ಸರಗಳೂ ಮೊದಲು ಆ ಒರೆಗಲ್ಲಿಗೆ ಬರಲಿ, ಆಮೇಲೆ ನಮ್ಮ ಮೈಗೆ.