ಫಾರ್ಮ್ಯಾಟ್ ಮಾಡುವ ಮುನ್ನ ಕನ್ನಡ ಕಡತ ತೆಗೆದಿಡಿ

ಜೋಗೇಶ್ವರಿ ಸ್ಟೇಷನ್ನಿನಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಹತ್ತು ನಿಮಿಷ ನಡೆದರೆ ಮೊಬೈಲ್, ಲ್ಯಾಪ್‌ಟಾಪ್ ರಿಪೇರಿಯ ಒಂದಾದರೂ ಅಂಗಡಿ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್ ಹಿಡಿದು ಅಲ್ಲಿಗೆ ಹೋಗುವವರ ಪ್ರಶ್ನೆ ಈಗ ಹೆಚ್ಚುಕಡಿಮೆ ಒಂದೇ: ‘ವಿಂಡೋಸ್ 10ಕ್ಕೆ ಇನ್ನು ಬೆಂಬಲ ಇಲ್ಲವಂತೆ, ಏನು ಮಾಡುವುದು?’ ಸಿಗುವ ಉತ್ತರ ಎರಡು. ಹೊಸತು ಕೊಳ್ಳಿ ಎಂಬುದು ಒಂದು. ಚಿಂತೆ ಬೇಡ, 11 ಹಾಕಿಕೊಡುತ್ತೇವೆ ಎಂಬುದು ಇನ್ನೊಂದು. ಆ 11 ಅಸಲಿಯೋ ನಕಲಿಯೋ ಎಂದು ವಿಚಾರಿಸುವವರು ಕಡಿಮೆ.

ಮೂರನೆಯ ದಾರಿಯೂ ಇದೆ. ಅದಕ್ಕೆ ಬೇಕಾದದ್ದು 8 ಜಿಬಿಯ ಒಂದು ಪೆನ್‌ಡ್ರೈವ್, ಇಂಟರ್ನೆಟ್ ಮತ್ತು ಭಾನುವಾರದ ಒಂದು ಮಧ್ಯಾಹ್ನ. ಆದರೆ ನಮ್ಮಂಥ ಹೊರನಾಡ ಕನ್ನಡಿಗರಿಗೆ ಆ ಕೆಲಸಕ್ಕೂ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. ಅಂಗಡಿಯವರು ಅದನ್ನು ಹೇಳುವುದಿಲ್ಲ, ಏಕೆಂದರೆ ಅವರಿಗೆ ಕನ್ನಡ ಗೊತ್ತಿಲ್ಲ.

ಆದದ್ದೇನು?

2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಅಂದಿಗೆ ಲ್ಯಾಪ್‌ಟಾಪ್ ಕೆಟ್ಟುಹೋಗಲಿಲ್ಲ, ಎಂದಿನಂತೆ ಓಡುತ್ತಿದೆ. ನಿಂತದ್ದು ಭದ್ರತಾ ತೇಪೆಗಳ ಸರಬರಾಜು. ಬಾಗಿಲಿನ ಬೀಗ ಹಳತಾದರೆ ಇನ್ನು ರಿಪೇರಿಗೆ ಯಾರೂ ಬರುವುದಿಲ್ಲ ಎಂದಹಾಗೆ. ಮನೆಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆ ಪಡೆಯುವ ವ್ಯವಸ್ಥೆಯನ್ನು ಕಂಪನಿ ಮಾಡಿತು. ಅದು ಮುಂದೂಡಿಕೆಯೇ ಹೊರತು ಪರಿಹಾರವಲ್ಲ.

ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದರ ಷರತ್ತುಗಳು ಬಿಗಿ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಇದ್ದರೆ ಸಾಲದು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಮಕ್ಕಳ ಕಾಲೇಜಿಗೆಂದು ಹತ್ತು ವರ್ಷದ ಹಿಂದೆ ಕೊಂಡ ಲ್ಯಾಪ್‌ಟಾಪ್, ಲ್ಯಾಮಿಂಗ್ಟನ್ ರೋಡಿನಿಂದ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಈ ಜರಡಿಯಲ್ಲಿ ನಿಲ್ಲುವುದು ಕಷ್ಟ. ಷರತ್ತು ಪೂರೈಸುವ ಯಂತ್ರವಾದರೆ 11 ಉಚಿತವಾಗಿಯೇ ಸಿಗುತ್ತದೆ. ಅಸಲಿ ಪರವಾನಗಿ ಸಾಮಾನ್ಯವಾಗಿ ಯಂತ್ರಕ್ಕೇ ಅಂಟಿಕೊಂಡಿರುವುದರಿಂದ ಮತ್ತೆ ಕೀ ಕೊಳ್ಳಬೇಕಿಲ್ಲ. ‘ಕ್ರ್ಯಾಕ್’ ಮಾಡಿದ ಆವೃತ್ತಿಯನ್ನು ಮಾತ್ರ ದೂರವಿಡಿ. ಬೀಗ ಒಡೆಯುವ ಆ ತಂತ್ರಾಂಶದ ಜೊತೆ ಇನ್ನೇನು ಒಳಗೆ ಬರುತ್ತದೆಂದು ಹೇಳಲಾಗದು. ಬ್ಯಾಂಕಿನ ಪಾಸ್‌ವರ್ಡ್ ಟೈಪಿಸುವುದು ಅದೇ ಯಂತ್ರದಲ್ಲಿ.

ಮೊದಲು ಕನ್ನಡ

ನಮ್ಮ ಕಡೆಯ ಒಂದು ಸಣ್ಣ ಸಂಘದ ಹಿರಿಯ ಕಾರ್ಯದರ್ಶಿಯೊಬ್ಬರು ನಿಧಾನವಾಗಿದ್ದ ಲ್ಯಾಪ್‌ಟಾಪನ್ನು ಅಂಗಡಿಗೆ ಕೊಟ್ಟರು. ‘ಡೇಟಾ ಚಾಹಿಯೇ ಕ್ಯಾ?’ ಎಂದು ಹುಡುಗ ಕೇಳಿದ. ‘ಫೋಟೊ ಎಲ್ಲ ಮೊಬೈಲ್‌ನಲ್ಲಿ ಉಂಟು ಮಾರಾಯ’ ಎಂದುಕೊಂಡು ಇವರು ಬೇಡ ಎಂದರು. ಲ್ಯಾಪ್‌ಟಾಪ್ ಲಕಲಕ ಹೊಳೆಯುತ್ತ ವಾಪಸಾಯಿತು. ಹೋದದ್ದು ಸಂಘದ ಹನ್ನೆರಡು ವರ್ಷದ ಸಭಾ ನಡವಳಿ, ವಿದ್ಯಾರ್ಥಿವೇತನ ಪಡೆದ ಮಕ್ಕಳ ಪಟ್ಟಿ, ಸ್ಮರಣ ಸಂಚಿಕೆಗೆಂದು ತೀರಿಹೋದ ಸದಸ್ಯರು ಬರೆದುಕೊಟ್ಟಿದ್ದ ನೆನಪುಗಳು. ಅಚ್ಚಾದಷ್ಟು ಸಿಕ್ಕಿತು, ಅಚ್ಚಾಗದ್ದು ಸಿಗಲಿಲ್ಲ.

ಇಂಥ ಕಡತಗಳು ಮುಂಬೈಯ ಎಷ್ಟೋ ಕನ್ನಡ ಮನೆಗಳಲ್ಲಿವೆ. ಸಂಘದ ಲೆಕ್ಕ, ಯಕ್ಷಗಾನದ ಪ್ರಸಂಗ, ಭಜನಾ ಮಂಡಳಿಯ ಹಾಡಿನ ಪಟ್ಟಿ, ಅಪ್ಪ ಬರೆದ ಆತ್ಮಕಥೆ. ಹಳೆಯವಾದರೆ ಇವು ‘ನುಡಿ’, ‘ಬರಹ’ ಅಥವಾ ‘ಶ್ರೀಲಿಪಿ’ಯಲ್ಲಿ ಟೈಪಾಗಿರುವ ಸಂಭವ ಹೆಚ್ಚು. ಕಾಪಿ ಮಾಡಿಟ್ಟರೆ ಮುಗಿಯಲಿಲ್ಲವೇ ಎಂದು ಕೇಳಬಹುದು. ಮುಗಿಯುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಈ ಕಡತಗಳಲ್ಲಿ ಕಂಪ್ಯೂಟರ್ ಉಳಿಸಿಕೊಂಡಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು. ಅವುಗಳ ಮೇಲೆ ಕನ್ನಡದ ಮುಖವಾಡ ತೊಡಿಸುವುದು ಆಯಾ ಫಾಂಟ್. ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಗೊತ್ತಿಲ್ಲದವರು ಹಾಳಾಗಿದೆಯೆಂದು ಅಳಿಸಿಯೂ ಬಿಡುತ್ತಾರೆ.

ಹಾಗಾಗಿ ಮೂರು ಕೆಲಸ ಮಾಡಿ. ಕಡತಗಳನ್ನೆಲ್ಲ ಎರಡು ಬೇರೆ ಜಾಗಕ್ಕೆ, ಅಂದರೆ ಒಂದು ಹಾರ್ಡ್‌ಡಿಸ್ಕಿಗೂ ಒಂದು ಆನ್‌ಲೈನ್ ಖಾತೆಗೂ ಕಾಪಿ ಮಾಡಿ. ಅವುಗಳ ಜೊತೆಗೇ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಆ ಕನ್ನಡ ಫಾಂಟನ್ನೂ ತೆಗೆದಿಡಿ. ಕೊನೆಗೆ, ಮುಖ್ಯ ಬರಹಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಕೆಟ್ಟಿದೆಯೇ ಎಂದು ಒಮ್ಮೆ ಓದಿ ನೋಡಿ. ಕೈಲಿ ಸಮಯವಿಲ್ಲದಿದ್ದರೆ ಕನಿಷ್ಠ ಪಿಡಿಎಫ್ ಮಾಡಿಡಿ.

ಪೆನ್‌ಡ್ರೈವ್‌ನಿಂದ ಹೊಸ ವ್ಯವಸ್ಥೆ

ಈಗ ಆಪರೇಟಿಂಗ್ ಸಿಸ್ಟಂ. ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಒಳ್ಳೆಯ ಆಯ್ಕೆ. ದುಡ್ಡು ಕೊಡಬೇಕಿಲ್ಲ, ನೋಟ ವಿಂಡೋಸಿಗೆ ಹತ್ತಿರ, 2 ಜಿಬಿ ರ್‍ಯಾಮ್ ಇದ್ದರೂ ಓಡುತ್ತದೆ, 4 ಇದ್ದರೆ ಹಾಯಾಗಿ ಓಡುತ್ತದೆ. 2024ರಲ್ಲಿ ಬಂದ ಅದರ 22ನೇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ.

ಮಿಂಟ್‌ನ ಅಧಿಕೃತ ತಾಣದಿಂದ ಸುಮಾರು 3 ಜಿಬಿಯ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಿ. ಅದನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಲ್ಯಾಪ್‌ಟಾಪ್ ಅದರಿಂದ ಶುರುವಾಗುವುದಿಲ್ಲ. ‘ರೂಫಸ್’ ಎಂಬ ಪುಟ್ಟ ಉಚಿತ ತಂತ್ರಾಂಶದಿಂದ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆ ಇದ್ದರೆ ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಂಡು, ಮೊದಲೇ ಆಫ್ ಮಾಡಿ.

ಚಾರ್ಜರ್ ಹಾಕಿ, ಪೆನ್‌ಡ್ರೈವ್ ಚುಚ್ಚಿ, ಲ್ಯಾಪ್‌ಟಾಪ್ ಮರುಚಾಲನೆ ಮಾಡಿ. ಕಂಪನಿಯ ಲಾಂಛನ ಮೂಡುವಾಗಲೇ ಬೂಟ್ ಮೆನುವಿನ ಕೀ ಒತ್ತುತ್ತಿರಬೇಕು. ಡೆಲ್, ಲೆನೊವೊಗಳಲ್ಲಿ ಅದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ತೆರೆದುಕೊಳ್ಳುತ್ತದೆ. ಇದು ಪೆನ್‌ಡ್ರೈವ್‌ನಿಂದಲೇ ಓಡುವ ಪರೀಕ್ಷೆಯ ಹಂತ. ಒಳಗಿನ ಡಿಸ್ಕನ್ನು ಇನ್ನೂ ಮುಟ್ಟಿಲ್ಲ. ಇಲ್ಲಿಯೇ ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ನೋಡಿಕೊಳ್ಳಿ. ಒಗ್ಗದಿದ್ದರೆ ಪೆನ್‌ಡ್ರೈವ್ ಕಿತ್ತು ಮರುಚಾಲನೆ ಮಾಡಿ, ವಿಂಡೋಸ್ ಇದ್ದಲ್ಲೇ ಇರುತ್ತದೆ.

ಒಗ್ಗಿದರೆ ಇನ್‌ಸ್ಟಾಲ್ ಗುರುತನ್ನು ಒತ್ತಿ. ಹಲವು ಪ್ರಶ್ನೆಗಳ ನಡುವೆ ಎಚ್ಚರ ಬೇಕಾದದ್ದು ಒಂದೇ ಪರದೆಯಲ್ಲಿ. ವಿಂಡೋಸ್‌ನ ಪಕ್ಕದಲ್ಲಿ ಹಾಕಬೇಕೋ, ಡಿಸ್ಕ್ ಪೂರ್ತಿ ಅಳಿಸಬೇಕೋ ಎಂದು ಅಲ್ಲಿ ಕೇಳುತ್ತದೆ. ಎರಡನೆಯದನ್ನು ಆರಿಸಿ ಮುಂದುವರಿದರೆ ಹಿಂದೆ ಹೋಗುವ ದಾರಿ ಇಲ್ಲ. ಬ್ಯಾಕಪ್ ಆಗಿದೆಯೆಂದು ಖಾತ್ರಿಯಿದ್ದರೆ ಮಾತ್ರ ಒತ್ತಿ. ಎಸ್‌ಎಸ್‌ಡಿ ಇದ್ದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಎಲ್ಲರಿಗೂ ಇದು ಹೊಂದುತ್ತದೆಯೇ? ಇಲ್ಲ. ಹೋಟೆಲಿನ ಲೆಕ್ಕ ಟ್ಯಾಲಿಯಲ್ಲಿದ್ದರೆ, ಕಚೇರಿ ಕೆಲಸಕ್ಕೆ ವಿಂಡೋಸ್‌ನದೇ ತಂತ್ರಾಂಶ ಬೇಕಿದ್ದರೆ ಆ ಯಂತ್ರವನ್ನು ಹಾಗೇ ಬಿಟ್ಟು ಬೇರೆ ವ್ಯವಸ್ಥೆ ನೋಡುವುದು ಲೇಸು. ಬ್ರೌಸರ್, ಮೇಲ್, ಪತ್ರ ಬರವಣಿಗೆ, ಮಕ್ಕಳ ಪಾಠ, ಊರಿಗೆ ವಿಡಿಯೊ ಕರೆ ಇಷ್ಟಕ್ಕಾದರೆ ಧಾರಾಳ ಸಾಕು.

ಕೀಲಿಮಣೆ ನಮ್ಮದೇ

‘ನುಡಿ’ ಲಿನಕ್ಸ್‌ನಲ್ಲಿ ನೇರವಾಗಿ ನಡೆಯದು. ಆದರೆ ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ವಿನ್ಯಾಸ ಸಿದ್ಧವಿದೆ. ಅದರ ಮೂಲ ಕೆ.ಪಿ. ರಾವ್ ಅವರ ಕೀಲಿಮಣೆ. ಮಂಗಳೂರು ಬಳಿಯ ಕಿನ್ನಿಕಂಬಳದ ರಾವ್ ನಮ್ಮ ಹಾಗೆಯೇ ಉದ್ಯೋಗಕ್ಕೆಂದು ಮುಂಬೈಗೆ ಬಂದು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಇನ್ನೊಂದು ನಂಟೂ ಇದೆ. ವಿಂಡೋಸ್ ಎಕ್ಸ್‌ಪಿಯ ಜೊತೆ 2001ರಲ್ಲಿ ಬಂದ ಕನ್ನಡ ಫಾಂಟಿನ ಹೆಸರು ‘ತುಂಗಾ’. ವಿಂಡೋಸ್‌ನ ಭಾರತೀಯ ಲಿಪಿಗಳ ಫಾಂಟ್ ರೂಪಿಸುವುದರಲ್ಲಿ ಮುಂದಾಳಾಗಿದ್ದವರು ಪೊವಾಯಿ ಐಐಟಿಯಲ್ಲಿ ಪಾಠ ಹೇಳಿದ ಆರ್.ಕೆ. ಜೋಶಿ.

ಅದೇ ಐಐಟಿ ಇರುವುದು ನಮ್ಮ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯ ಮೇಲೆ. ಅಲ್ಲಿನ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಲಿನಕ್ಸ್, ಲಿಬ್ರೆ ಆಫೀಸ್ ಮುಂತಾದವುಗಳ ಕಿರುಪಾಠಗಳನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಕೊಡುತ್ತಿದೆ. ಊರಲ್ಲಿರುವ ಅಮ್ಮನೂ ಕೇಳಿ ಕಲಿಯಬಹುದು.

ಈ ಭಾನುವಾರ ಪೆನ್‌ಡ್ರೈವ್ ತರುವ ಮುಂಚೆ ಸಂಘದ ಕಾರ್ಯದರ್ಶಿಗಳಿಗೆ, ಕಟ್ಟಡದಲ್ಲಿರುವ ಹಿರಿಯರಿಗೆ ಒಂದು ಫೋನ್ ಮಾಡಿ. ‘ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಳೆಯ ಕನ್ನಡ ಬರಹ ಏನಾದರೂ ಇದೆಯಾ?’ ಎಂದು ಕೇಳಿ. ವಿಂಡೋಸ್ ಹೋದರೆ ಮತ್ತೊಮ್ಮೆ ಹಾಕಿಕೊಳ್ಳಬಹುದು. ಆ ಬರಹ ಇರುವುದು ಅದೊಂದೇ ಡಿಸ್ಕಿನಲ್ಲಿ.